ಎರಡೂಕಾಲರಿಂದ ಮೂರೂವರೆ

ರುವಿಯ ಚರ್ಚು ಕಾಂಪೌಂಡಿನಲ್ಲಿ ಮೂರನೇ ಹಾಲು ನಮ್ಮದು,
ಶುಕ್ರವಾರ ಎರಡೂಕಾಲರಿಂದ ಮೂರೂವರೆವರೆಗೆ ಮಾತ್ರ.
ಮಲಯಾಳಿಗಳು ಎದ್ದುಹೋದ ಕುರ್ಚಿ ಇನ್ನೂ ಬೆಚ್ಚಗಿರುತ್ತದೆ,
ಫಿಲಿಪಿನೋಗಳ ಗಿಟಾರು ಆಗಲೇ ಬಾಗಿಲಾಚೆ ಶ್ರುತಿ ಹುಡುಕುತ್ತಿರುತ್ತದೆ.
ನಡುವೆ ಇಷ್ಟೇ ಇಷ್ಟು ಕನ್ನಡ.

ಹತ್ತೊಂಬತ್ತು ವರ್ಷ ಅದನ್ನು ಕಾದವರು ಸಮಾಧಾನಪ್ಪ,
ಮತ್ರಾದ ಗಲ್ಲಿಯಲ್ಲಿ ದಿಶ್ದಾಶ ಹೊಲಿಯುವ ಟೇಲರು.
ಪ್ರಸಂಗದ ನಡುವೆಯೂ ತೋಳಿಗಂಟಿದ ದಾರ ಹೆಕ್ಕುತ್ತಿದ್ದರು.
ಕಣ್ಣಿಗೆ ಪೊರೆ ಬಂತು, ವೀಸಾ ಮುಗಿಯಿತು.
ಗುರುವಾರ ರಾತ್ರಿ ಕಪಾಟಿನ ಬೀಗದ ಕೈ ನನ್ನ ಅಂಗೈಗಿಟ್ಟರು,
ಬಿಳಿ ನೂಲು ಕಟ್ಟಿತ್ತು ಅದಕ್ಕೆ.
“ಇನ್ನ ನೀನ ನೋಡಬೇಕು, ತಬಿತವ್ವ.”
“ನಾ ಏನ್ ನೋಡ್ಲಿ ಅಜ್ಜಾರ? ಆಸ್ಪತ್ರಿ ಲಾಂಡ್ರ್ಯಾಗ ಹಾಸಿಗಿ ಒಗಿಯಾಕಿ ನಾ.”
“ಅದನ್ನಽ ಹೇಳು ಮತ್ತ,” ಅಂದರು.
ಟ್ಯಾಕ್ಸಿ ಹತ್ತಿದರು.

ಆ ರಾತ್ರಿ ಬಚ್ಚಲಿನ ಕನ್ನಡಿಗೆ ಬೋಧಿಸಿದೆ,
ಲೋಟದೊಳಗಿನ ಆರು ಬ್ರಶ್ಶುಗಳು ತಲೆಯೆತ್ತಿ ಕೇಳಿದವು.
ನೇಪಾಳದ ಹುಡುಗಿ ಬಾಗಿಲು ಬಡಿದಳು, ನೀರು ಬೇಕಂತೆ.

ದೋಣಿ ಬಿಟ್ಟು ನೀರ ಮೇಲೆ ಕಾಲಿಟ್ಟ ಬೆಸ್ತನ ಕಥೆ
ಚಿಕ್ಕಂದಿನಿಂದ ಗೊತ್ತು ನನಗೆ. ಬೆಟಗೇರಿಯಲ್ಲಿ
ಸಮುದ್ರ ನೋಡದ ಟೀಚರು ನೆಲಕ್ಕೆ ಸೀರೆ ಹಾಸಿ ತೋರಿಸಿದ್ದರು.
ನಡೆದದ್ದು ಹೇಳಿದರು, ಮುಳುಗಿದ್ದು ಹೇಳಿದರು,
ಹಿಡಿದ ಕೈಯನ್ನೂ ಹೇಳಿದರು.
ಒದ್ದೆಯಾಗಿ ದೋಣಿಗೆ ಮರಳಿದವನ ಪಕ್ಕ
ಕೂತಿದ್ದವರು ಏನು ಕೇಳಿದರು ಅಂತ ಮಾತ್ರ ಹೇಳಲಿಲ್ಲ.
ನೀರು ತಣ್ಣಗಿತ್ತೇನೋ ಅಂದಿರಬೇಕು.
ಮೈಯಿಂದ ಇನ್ನೂ ತೊಟ್ಟಿಕ್ಕುತ್ತಿರುವಾಗಲೇ
ಅವನು ಹೇಳಬೇಕಾಗಿ ಬಂದಿರಬೇಕು.

ಶುಕ್ರವಾರ ಹದಿನೇಳು ಜನ.
ಎರಡು ವಾರಕ್ಕೊಮ್ಮೆ ರಜೆ ಸಿಗುವ ಕೋಲಾರದ ರಾಹೇಲಮ್ಮ,
ಹಾರ್ನು ಹೊಡೆಯುವ ಹಾಗೆ ಆಮೆನ್ ಅನ್ನುವ ಡ್ರೈವರ್ ಪ್ರೇಮಾನಂದ,
ಇಸ್ತ್ರಿ ಅಂಗಿಯ ಉಡುಪಿಯ ಜತ್ತನ್ನ ಸರ್, ಅಕೌಂಟೆಂಟು,
ಹೆಂಗಸು ನಿಂತದ್ದಕ್ಕೋ ಏನೋ ಗೋಡೆ ನೋಡುತ್ತಿದ್ದರು.
ಕೊನೇ ಸಾಲಿನಲ್ಲಿ ರಾಯಚೂರಿನ ಇಮ್ಮಾನುವೇಲ,
ಸ್ಕ್ಯಾಫೋಲ್ಡಿಂಗ್ ಹುಡುಗ, ಬೂಟು ಕಳಚದೆ.

ಎಸಿ ನನ್ನ ಚೀಟಿಯನ್ನು ಎತ್ತಿಕೊಂಡು ಹೋಯಿತು.
ನಾಲ್ಕು ಪುಟ, ನಾಲ್ಕು ದಿಕ್ಕು.
ಹೆಕ್ಕಲು ಬಗ್ಗಿದವಳು ಸಾಲು ಸಾಲು ಕಾಲು ನೋಡಿದೆ:
ಹರಿದ ಚಪ್ಪಲಿ, ಸಿಮೆಂಟು ಕಚ್ಚಿದ ಬೂಟು,
ಹೊಳಪು ಶೂವಿನ ಅಡಿಯಲ್ಲಿ ತೂತು. ಅದು ಜತ್ತನ್ನ ಸರ್ ಅವರದು.

ಹಾಸಿಗೆ ಒಗೆಯುವವಳಿಗೆ ಕಲೆಗಳ ಭಾಷೆ ಗೊತ್ತು.
ಯಾವುದು ರಕ್ತ, ಯಾವುದು ಔಷಧ,
ಯಾವುದು ಯಾರಿಗೂ ಹೇಳದೆ ಅತ್ತದ್ದು.

ಎದ್ದು ನಿಂತೆ, ಪುಟಗಳನ್ನು ಬಿಟ್ಟೆ.
“ಈ ತಿಂಗಳು ಸಂಬಳ ಬರದವರು ಯಾರು?”
ಚರ್ಚಿನಲ್ಲಿ ಕೇಳುವ ಮಾತೇ ಇದು?
ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು.
ಒಂದು ಕೈ. ಎರಡು. ಮೂರು.
ಎಷ್ಟೋ ಹೊತ್ತಾದ ಮೇಲೆ,
ಗಡಿಯಾರ ನೋಡುವವರ ಹಾಗೆ, ಇಸ್ತ್ರಿ ಅಂಗಿಯ ತೋಳು.

ಆಮೇಲೆ ಪ್ರಾರ್ಥನೆ ತಾನೇ ಬಂತು,
ಒಬ್ಬೊಬ್ಬರ ಹೆಸರು ಹಿಡಿದು, ವ್ಯಾಕರಣ ಮರೆತು.
ಕಾಣಿಕೆ ಚೀಲ ಕಳಿಸುವಾಗ ಅಂದೆ:
“ಹಾಕುವವರು ಹಾಕಿ. ತಗೊಳ್ಳುವವರು ತಗೊಳ್ಳಿ.
ಕಣ್ಣು ಮುಚ್ಚಿಕೊಂಡೇ ದಾಟಿಸಿ.”
ಚೀಲ ತಿರುಗಿ ಬಂದಾಗ ಮೊದಲಿಗಿಂತ
ಹಗುರವೋ ಭಾರವೋ, ನಾನು ತೂಗಲಿಲ್ಲ.
ಕಮಿಟಿಯವರು ಕೇಳುತ್ತಾರೆ. ಕೇಳಲಿ.

ಗಿಟಾರು ಬಾಗಿಲು ತಟ್ಟಿತು. ಮೂರೂವರೆ.
ಇಪ್ಪತ್ತೆರಡು ಕೀರ್ತನೆ ಪುಸ್ತಕ ಎಣಿಸಿಟ್ಟು
ಬೀಗ ಹಾಕುವಾಗ ಇಮ್ಮಾನುವೇಲ ಹತ್ತಿರ ಬಂದ.
“ಮುಂದಿನ ವಾರ ಪಾಠ ನೀ ಓದು,” ಅಂದೆ.
“ಅಕ್ಕಾ, ನನಗ ಒತ್ತಕ್ಷರ ಬರಂಗಿಲ್ಲ.”
“ಒತ್ತು ಬಂದಲ್ಲಿ ನಿಲ್ಲು. ನಾವು ಕಾಯ್ತೇವಿ.”

ಹೊರಗೆ ನಲವತ್ತಾರು ಡಿಗ್ರಿ,
ಹುಲ್ಲಿಲ್ಲದ ಗುಡ್ಡ ಬಸ್‌ಸ್ಟಾಪಿನ ತನಕ ಇಳಿದು ಬಂದಿತ್ತು.
ಅಜ್ಜನಿಗೆ ಮೆಸೇಜು ಹಾಕಿದೆ: ಇವತ್ತು ಆಯಿತು.
ಒಂದೇ ಗೆರೆ ಬಿತ್ತು. ಇನ್ನೂ ವಿಮಾನದಲ್ಲಿರಬೇಕು.
ಬೆರಳಿಗೆ ನೂಲು ಸುತ್ತಿಕೊಂಡು ಬಸ್ಸು ಕಾದೆ.