ನಮ್ಮ ಕಾಲದ್ದಲ್ಲ

ಮೊದಲ ದಿನ ಕೈಗೆ ಕೊಟ್ಟದ್ದು
ಒಂದು ಕರಣೆ, ಬಣ್ಣ ಬಳಿಯುವ ಒಂದು ಬ್ರಶ್ಶು,
ನಾಲ್ಕು ಮೊಳೆ, ಒಂದು ಉಂಡೆ ಬಿಳಿ ದಾರ.
ಮೊಳೆ ಹೊಡೆದು ದಾರ ಎಳೆದರೆ
ಗುಡ್ಡದ ಬೆನ್ನ ಮೇಲೊಂದು ಚೌಕ.
ಅಷ್ಟು ನನ್ನ ಜಾಗ. ದಿನಕ್ಕೆ ಐನೂರೈವತ್ತು,
ಬಿಲ್ಲು ಪಾಸಾದ ಮೇಲೆ.

ಗೋರಿ ಅಗೆಯಲು ಡಿಗ್ರಿ ಬೇಕಾ, ಅಂತ ಉಮ್ಮ.
ವಿರಾಜಪೇಟೆಯಿಂದ ಏಳೂಕಾಲರ ಬಸ್ಸಿನಲ್ಲಿ
ಕಂಡಕ್ಟರನದು ದಿನಾ ಒಂದೇ ಪ್ರಶ್ನೆ:
ನಿಧಿ ಸಿಕ್ಕಿತಾ?
ಸಿಕ್ಕಿತು ಅನ್ನುತ್ತೇನೆ, ಹತ್ತು ಸೆಂಟಿಮೀಟರು.

ಊರವರಿಗೆ ಇದು ಪಾಂಡವರ ಮನೆ.
ನಿಲ್ಲಿಸಿದ ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚಿಗೆ,
ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ.
ಇಷ್ಟರೊಳಗೆ ಭೀಮ ಕಾಲು ಹೇಗೆ ಚಾಚಿದ
ಅಂತ ಯಾರೂ ಕೇಳಿದ್ದಿಲ್ಲ.
ನಮ್ಮ ಫಾರಮ್ಮಿನಲ್ಲಿ ಇದು ಗೋರಿ ಮೂರು, ಗುಂಡಿ ಬಿ.

ಬೊಳ್ಳಚ್ಚಿ ತೋಟದಲ್ಲಿ ಮೂವತ್ತು ವರ್ಷ
ಕಾಫಿಗಿಡಕ್ಕೆ ಗುಂಡಿ ತೋಡಿದವಳು.
ಗುದ್ದಲಿಯ ಸದ್ದು ಬದಲಾದರೆ ಸಾಕು,
ತಡಿ ಕುಂಞಿ, ಅನ್ನುತ್ತಾಳೆ, ಅಲ್ಲಿ ಮಣ್ಣು ಬೇರೆ.
ನನಗೆ ಕಾಣಲು ಇನ್ನೂ ಒಂದು ಗಂಟೆ ಬೇಕು.
ಮಣ್ಣಿನ ಬಣ್ಣಕ್ಕೆ ನಮ್ಮಲ್ಲೊಂದು ಪುಸ್ತಕವಿದೆ,
ಪುಟಪುಟಕ್ಕೂ ಸಣ್ಣ ಸಣ್ಣ ಬಣ್ಣದ ಚೀಟಿ.
ಹೆಂಟೆಗೆ ನೀರು ಚಿಮುಕಿಸಿ ಪಕ್ಕಕ್ಕೆ ಹಿಡಿಯುತ್ತೇನೆ.
ಬೆಲ್ಲ ತಳ ಹಿಡಿದ ಬಣ್ಣ, ಅನ್ನುತ್ತಾಳೆ ಅವಳು.
ನಾನು ನಂಬರು ಬರೆಯುತ್ತೇನೆ.

ಮಾರ್ಚಿಯ ಹೂಮಳೆ ಬಂದ ರಾತ್ರಿ
ಸುತ್ತಲ ತೋಟಗಳಿಗೆಲ್ಲ ಹಬ್ಬ.
ನಮಗೆ ಮಾತ್ರ ಬೆಳಿಗ್ಗೆ, ಬಕೆಟ್ಟಿನಲ್ಲಿ ನೀರು ಮೊಗೆಯುವ ಕೆಲಸ.
ಒಂಬತ್ತನೇ ದಿನಕ್ಕೆ ಕಾಫಿ ಬೆಳ್ಳಗೆ ಅರಳಿ
ಆ ಪರಿಮಳಕ್ಕೆ ತಲೆ ಭಾರವಾಗಿದ್ದಾಗ
ಎಂಬತ್ತು ಸೆಂಟಿಮೀಟರಿನಲ್ಲಿ ಕರಣೆ ಕಿಣಿ ಅಂದಿತು.

ಹಸಿರು ಗಾಜು. ಸೀಸೆಯ ದಪ್ಪ ತಳ.

ದೇಸಾಯಿ ಮೇಡಂ ಗುಂಡಿಯ ಅಂಚಿಗೆ ಕುಕ್ಕರಿಸಿದರು,
ಧಾರವಾಡದಿಂದ ಬಂದ ಅವರ ಛತ್ರಿ ಬದಿಗೆ ಬಿತ್ತು.
ಯಾವನೋ ದೊರೆ ಮೊದಲೇ ಬಂದು ಹೋಗಿದ್ದಾನೆ,
ಮಡಕೆ, ಮಣಿ, ಎಲುಬು ಎಲ್ಲ ಒಯ್ದಿದ್ದಾನೆ.
ಬರಿ, ಕದಡಿದ ಪದರ.

ಕದಡಿದ್ದಕ್ಕೂ ಅಳತೆ ಉಂಟು, ಫೋಟೊ ಉಂಟು,
ಬಾಣದ ಗುರುತು ಉತ್ತರಕ್ಕೆ.
ಮತ್ತೆ ಹತ್ತು ಸೆಂಟಿಮೀಟರು. ಮತ್ತೆ ಜರಡಿ.
ಜರಡಿಯಲ್ಲಿ ಉಳಿದದ್ದು ಹೆಬ್ಬೆರಳಷ್ಟು ಹಿತ್ತಾಳೆ,
ಮುಚ್ಚಳ ಕಚ್ಚಿಕೊಂಡ ಪುಟ್ಟ ಡಬ್ಬಿ.

ಮೇಡಂ ತಿರುಗಿಸಿ ನೋಡಿದರು:
ನಮ್ಮ ಕಾಲದ್ದಲ್ಲ. ಕೊನೇ ಚೀಲಕ್ಕೆ ಹಾಕು.

ಬೊಳ್ಳಚ್ಚಿ ಸೊಂಟದ ಚೀಲದಿಂದ ತನ್ನದನ್ನು ತೆಗೆದಳು.
ಸುಣ್ಣದ್ದು, ಅಂದಳು. ದೊರೆ ಎಲ್ಲಿ ಅಗೆದಾನು?
ಅಗೆದವನದು ಇದು.
ಮನೆಗೆ ಹೋದ ಮೇಲೆ ಎಷ್ಟು ಹುಡುಕಿದನೋ,
ಮಡಿಲು ಕೊಡವಿ, ಹೆಂಡತಿಯನ್ನು ಬೈದು.

ಮೇ ಕೊನೆಗೆ ಗುಂಡಿ ಮುಚ್ಚಿದೆವು.
ತಳಕ್ಕೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ
ಈ ವರ್ಷದ ಇಸವಿ ಇರುವ ಒಂದು ರೂಪಾಯಿ.
ಯಾರಿಗೆ ಇದು, ಅಂತ ಬೊಳ್ಳಚ್ಚಿ.
ಇನ್ನು ಮುಂದೆ ಅಗೆಯುವವರಿಗೆ,
ನಾವು ಇಲ್ಲಿವರೆಗೆ ಬಂದಿದ್ದೆವು ಅಂತ ಗೊತ್ತಾಗಲು.
ಒಂದು ರೂಪಾಯಿಗೆ ಈಗಲೇ ಚಾ ಇಲ್ಲ,
ಅಂದವಳು ಸೆರಗಿನ ಗಂಟು ಬಿಚ್ಚಿ
ತನ್ನದೊಂದು ಹಾಕಿದಳು. ಇಸವಿ ನೋಡಲಿಲ್ಲ.

ಅದನ್ನು ಫಾರಮ್ಮಿನಲ್ಲಿ ಬರೆಯಬೇಕಿತ್ತು.
ಬರೆಯಲಿಲ್ಲ.
ಅಗೆದವರ ಹೆಸರಿಗೆ ಅದರಲ್ಲಿ ಕಾಲಮ್ಮಿಲ್ಲ,
ಮೂಲೆಯಲ್ಲಿ ನನ್ನ ಎರಡಕ್ಷರ, ಅದೂ ಪೆನ್ಸಿಲಿನಲ್ಲಿ.

ಮೂರು ತಿಂಗಳ ಬಿಲ್ಲು ಇನ್ನೂ ಮೈಸೂರಿನಲ್ಲಿದೆ.
ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದ.
ಇದ್ದದ್ದು ಅಲ್ಲೇ ಇಟ್ಟು ಬಂದೆವು, ಅಂದೆ.