ಒತಾರ್‌ಗೆ, ಈಸ್ಟರ್ ಸೋಮವಾರ

ಕ್ರಿಸ್ತ ಎದ್ದ, ಒತಾರ್.
ನೀನೀಗ "ನಿಜವಾಗಿ ಎದ್ದ" ಅನ್ನಬೇಕು.
ಇರಲಿ, ನಿನ್ನ ಪಾಲಿನದನ್ನೂ ನಾನೇ ಅಂದೆ.

ಈ ಸಲ ಮಂಜಿಷ್ಠದ ಬೇರು ಚೆನ್ನಾಗಿ ಬಣ್ಣ ಬಿಟ್ಟಿತು,
ಉಗುರಿನ ಸಂದಿ ಇನ್ನೂ ಕೆಂಪು.
ತಟ್ಟೆಗೆ ಹಾಕಿದ ಗೋಧಿ ಗೇಣುದ್ದ ಬಂದಿದೆ.
ಕುತಾಯಿಸಿಯಿಂದ ಮಗುಲಿ ಬಂದಳು, ಒಬ್ಬಳೇ.
ಕೇಳಬೇಡ. ನಾನೂ ಕೇಳಲಿಲ್ಲ.
ರಾತ್ರಿ ಹಿಟ್ಟು ನಾದುತ್ತ ಅವಳೇ ಹೇಳಿದಳು;
ಹಿಟ್ಟಿಗೆ ಪೆಟ್ಟು ಜಾಸ್ತಿ ಬಿತ್ತು,
ಹಬ್ಬದ ರೊಟ್ಟಿ ಮಾತ್ರ ಹತ್ತಿಯ ಹಾಗೆ ಉಬ್ಬಿತು.

ಬಾದ್ರಿ ಇಗರ್ಜಿಯೊಳಗೆ ಕಾಲಿಡುವುದಿಲ್ಲ ಈಗಲೂ.
ನಡುರಾತ್ರಿಯಿಂದ ಬೆಳಕು ಹರಿಯುವ ತನಕ
ಬಾಗಿಲಲ್ಲೇ ನಿಂತಿದ್ದ, ನನ್ನ ಕೋಟು ಹಿಡಿದುಕೊಂಡು.
ಅದು ಯಾವ ಲೆಕ್ಕಕ್ಕೆ ಎಂದು ಪಾದ್ರಿಯನ್ನು ಕೇಳಲಿಲ್ಲ.
ನನಗೂ ದಿನಾ ಒಂದೇ ಸಮ ನಂಬಿಕೆ ಇರುವುದಿಲ್ಲ:
ಹಸು ಕರು ಹಾಕಿದ ದಿನ ಹೆಚ್ಚು,
ಮಂಡಿ ಹಿಡಿದ ದಿನ ಕಡಿಮೆ.

ಈಗೊಂದು ಮಾತು, ಸಿಟ್ಟಾಗಬೇಡ.
ನಿನ್ನ ಮೇಲೆ ಉರುಳಿಸಿದ ಮೊಟ್ಟೆ ನಿಲ್ಲಲಿಲ್ಲ.
ಇಳಿಜಾರು ಹಿಡಿದು, ಹುಲ್ಲು ದಾಟಿ,
ಸೀದಾ ಹೋಗಿ ವಾಲಿಕೋನ ಕಲ್ಲಿಗೆ ತಗುಲಿತು.
ಅದೇ ವಾಲಿಕೋ, ಮೊಳದಷ್ಟು ಬೇಲಿಗಾಗಿ
ಹತ್ತೊಂಬತ್ತು ವರ್ಷ ನೀನು ಮಾತು ಬಿಟ್ಟವನು.
ಬಾದ್ರಿ ಎತ್ತಿ ತರಲು ಹೊರಟ.
ಬಿಡು, ಅಂದೆ.
ಅವನ ಕಡೆಯವರು ಯಾರೂ ಬಂದಿರಲಿಲ್ಲ.

ಲೋಟದಲ್ಲಿ ಉಳಿದ ವೈನನ್ನೂ ಅಲ್ಲೇ ಸುರಿದೆ,
ಕ್ರಿಸ್ತ ಎದ್ದ, ಅಂದೆ.
ಹಿಂದೆ ನಿಂತಿದ್ದ ಬಾದ್ರಿ ಕೆಮ್ಮಿದ,
ಅಥವಾ ಏನೋ ಅಂದ.
ನನ್ನ ಎಡಗಿವಿಯ ಕತೆ ನಿನಗೆ ಗೊತ್ತಲ್ಲ.