ತಡವಾಗಲು ಕಾರಣ

ಅರ್ಜಿಯ ಒಂಬತ್ತನೇ ಕಲಮು:
ತಡವಾಗಲು ಕಾರಣ.
ಅದಕ್ಕೆ ಬಿಟ್ಟಿರುವ ಜಾಗ
ಒಂದೂವರೆ ಗೆರೆ.

ಸೈನಿಕ ಕಲ್ಯಾಣ ಕಚೇರಿಯ ಗುಮಾಸ್ತೆ ಒಳ್ಳೆಯವಳು.
ನನ್ನ ಬಲಗಡೆಗೆ ಕುರ್ಚಿ ಎಳೆದುಕೊಂಡು ಕೇಳುತ್ತಾಳೆ,
"ಹತ್ತೊಂಬತ್ತು ವರ್ಷ ಏನ್ ಮಾಡ್ತಿದ್ರಿ, ಹವಾಲ್ದಾರ್ರೇ?"

ಲಾರಿ ತೂಗುತ್ತಿದ್ದೆ ತಾಯೀ,
ಯಶವಂತಪುರದ ಯಾರ್ಡಿನಲ್ಲಿ.
ತುಂಬಿದ ತೂಕ, ಖಾಲಿ ತೂಕ,
ಕಳೆದರೆ ಉಳಿದದ್ದು ಈರುಳ್ಳಿ.
ಡ್ರೈವರು ಕೂಗಿದ್ದು ಕೇಳದಿದ್ದರೂ
ಕೆಂಪು ಅಂಕಿ ಕಾಣುತ್ತಿತ್ತಲ್ಲ,
ಅಷ್ಟು ಸಾಕಿತ್ತು.

ನನ್ನ ಖಾಲಿ ತೂಕವನ್ನೂ ಯಾರೋ ಬರೆದಿಟ್ಟಿದ್ದಾರೆ.
ದಾಖಲೆ ಕಚೇರಿಯಿಂದ ಬಂದ ಜೆರಾಕ್ಸಿನಲ್ಲಿ
ಹತ್ತೊಂಬತ್ತರ ಮುನಿವೀರಪ್ಪ,
ಎದೆ ಮೂವತ್ತೆರಡು ಇಂಚು, ಹಲ್ಲು ಪೂರ್ತಿ,
ಕಿವಿ: ಇಪ್ಪತ್ತಡಿ ದೂರದ ಪಿಸುಮಾತೂ ಕೇಳುತ್ತದೆ.
ಪಿಸುಗುಟ್ಟಿದವರು ಯಾರೋ, ಏನೆಂದರೋ,
ಅದು ಬರೆದಿಲ್ಲ.

ಕೊನೆಯ ಹಾಳೆ ಬಿಡುಗಡೆಯದು.
"ನನಗೆ ಯಾವ ತೊಂದರೆಯೂ ಇಲ್ಲ."
ಕೆಳಗೆ ಸಹಿ.
ನನ್ನದೇ.
ಸಂಜೆ ಐದಕ್ಕೆ ರೈಲು,
ಟ್ರಂಕಿನ ಮೇಲೆ ಬರೆಸಿದ ಹೆಸರು ಇನ್ನೂ ಹಸಿ.
ಕಿವಿಯೊಳಗೆ ಜೀರುಂಡೆ ಕೂತಿದೆ ಸಾಹೇಬ್ರೇ ಅಂದಿದ್ದರೆ
ಇನ್ನೊಂದು ತಿಂಗಳು ವಾರ್ಡಿನ ಕಂಬಳಿ.
ಸಾಲಿನಲ್ಲಿ ಮುಂದಿದ್ದ ಸೆಲ್ವಮಣಿ ಹಾಕಿದ,
ಹಿಂದಿದ್ದ ಗುರ್ಮೇಜ್ ಹಾಕಿದ,
ನಡುವೆ ನಿಂತವನು ನಾನೂ ಹಾಕಿದೆ.

ಹೋದ ಮಂಗಳವಾರ ಆಸ್ಪತ್ರೆಯಲ್ಲಿ
ಗಾಜಿನ ಗೂಡಿಗೆ ಕೂರಿಸಿದರು.
ಶಬ್ದ ಬಂದಾಗ ಗುಂಡಿ ಒತ್ತಿ ಎಂದಳು ಹುಡುಗಿ.
ಒತ್ತಿದೆ. ಒತ್ತಿದೆ. ಮತ್ತೂ ಒತ್ತಿದೆ.
"ಅಂಕಲ್, ಸುಮ್ ಸುಮ್ನೆ ಒತ್ತಬೇಡಿ,
ಇನ್ನೂ ನಾನು ಮಿಷನ್ನೇ ಹಾಕಿಲ್ಲ."
ಸುಮ್ಮನೆ ಅಲ್ಲಮ್ಮ,
ಬರ್ತಾನೇ ಇದೆ.

ಅದು ಎಲ್ಲಿ ಶುರುವಾಯಿತು ಅಂತ ಕೇಳುವವರಿದ್ದಾರೆ.
ದಿನಾಂಕ ಬೇಕಂತೆ.
ಮರುಭೂಮಿಯ ಅಭ್ಯಾಸದ ಕಣ, ದೊಡ್ಡ ತೋಪು,
ಕಿವಿಗೆ ಹತ್ತಿ; ಹತ್ತಿ ಮುಗಿದ ದಿನ ಬನಿಯನ್ನಿನ ಚಿಂದಿ.
ಉಸ್ತಾದ್ ಕಲಿಸಿದ್ದು ಒಂದೇ ಉಪಾಯ:
ಗುಂಡು ಹಾರುವಾಗ ಬಾಯಿ ಬಿಡು,
ಇಲ್ಲದಿದ್ದರೆ ಕಿವಿತಮಟೆ ಹರಿದೀತು.
ಬಿಟ್ಟೆವು, ಮರಿಹಕ್ಕಿಗಳ ಹಾಗೆ, ಸಾಲಾಗಿ.
ಆಮೇಲೆ ಮುಚ್ಚಿದ್ದು
ಹಾಗೇ ಇತ್ತು.

ಮತ್ತಿಕೆರೆಯ ಮನೆಯಲ್ಲಿ ಅಕ್ಕಯಮ್ಮನ ದೂರು:
"ಹೇಳಿದ್ದು ಕಿವಿಗೇ ಹಾಕ್ಕೊಳಲ್ಲ, ಮಿಲಿಟರಿ ಗತ್ತು."
ಗತ್ತೇ ಇರಲಿ ಅಂತ ನಾನೂ ಮೀಸೆ ತಿರುವಿದೆ.
ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ
ಒರಟ ಅನ್ನಿಸಿಕೊಳ್ಳುವುದು ಅಗ್ಗ.
ಒಂದೊಂದಾಗಿ ಅವಳು ಸಣ್ಣ ಮಾತುಗಳನ್ನು ಕೈಬಿಟ್ಟಳು.
ಪಕ್ಕದ ಮನೆ ಬೆಕ್ಕು ಮರಿ ಹಾಕಿದ್ದು,
ಸಾರಿಗೆ ಉಪ್ಪು ಕಡಿಮೆಯಾಗಿದ್ದು,
ಸಂಜೆಯ ಗಾಳಿಗೆ ಹೊಂಗೆಹೂವಿನ ವಾಸನೆ.
ಈಗ ದೊಡ್ಡವನ್ನಷ್ಟೇ ಕೂಗಿ ಹೇಳುತ್ತಾಳೆ:
ಗ್ಯಾಸು. ಬಾಡಿಗೆ.
ಯಾರಾದರೂ ಸತ್ತರೆ, ಸಾವು.

ಇದಕ್ಕೆಷ್ಟು ಶೇಕಡಾ?
ಇಪ್ಪತ್ತಕ್ಕಿಂತ ಕಡಿಮೆಯಾದರೆ ಏನೂ ಇಲ್ಲವಂತೆ.

ಒಂದೂವರೆ ಗೆರೆಯಲ್ಲಿ ಬರೆದೆ:
ಕೇಳಿಸಲಿಲ್ಲ, ಅದಕ್ಕೆ ತಡವಾಯಿತು.
ಗುಮಾಸ್ತೆ ಓದಿ, ನಗು ತಡೆದು,
ಹೀಗೆಲ್ಲ ಬರೆಯೋ ಹಾಗಿಲ್ಲ ಸಾರ್ ಅಂದಳು.
ಬಿಳಿ ಹಚ್ಚಿ, ಒಣಗಲು ಊದಿ,
ಅದರ ಮೇಲೆ ತಾನೇ ಇಂಗ್ಲಿಷಿನಲ್ಲಿ ಬರೆದಳು,
ಮಾಹಿತಿಯ ಕೊರತೆ ಅಂತ.
ಈ ಸಲ ಎರಡೆರಡು ಬಾರಿ ಓದಿ
ಸಹಿ ಹಾಕಿದೆ. ರೈಲೇನೂ ಇರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ
ಅಕ್ಕಯಮ್ಮ ಎಡಕ್ಕೆ ಕೂತಿದ್ದಳು, ಕಿಟಕಿಯ ಕಡೆ.
ಮೇಖ್ರಿ ಸರ್ಕಲ್ಲಿನ ಹತ್ತಿರ
ಅವಳ ತುಟಿ ಆಡಿದ್ದು ಕಂಡಿತು.
ಏನಂದೆ?
ಏನಿಲ್ಲ ಬಿಡಿ, ಎಂದು ಕೈಯಾಡಿಸಿದಳು.
ಎದ್ದೆ. ಬಸ್ಸು ಕುಲುಕಿತು,
ಕಂಡಕ್ಟರು ಬೈದನೇನೋ.
ಅವಳನ್ನು ಈಚೆ ಸರಿಸಿ ಕಿಟಕಿಗೆ ನಾನು ಕೂತೆ,
ಬಲಗಿವಿಯನ್ನು ಅವಳ ಕಡೆ ಇಟ್ಟು.

ಇನ್ನೊಂದ್ಸಲ ಹೇಳು.